ಗುಂಡಿ ಒಂದು, ಮುಟ್ಟಿತು

ಬೆಟಗೇರಿಯ ಛಾಪಖಾನೆಯ ಅಟ್ಟದ ಮೇಲೆ
ನಮ್ಮ ಟ್ರಸ್ಟಿನ ಆಫೀಸು.
ಕೆಳಗೆ ಲಗ್ನಪತ್ರಿಕೆ ದಡಬಡ ಅಚ್ಚಾಗುವಾಗ
ಮೇಲೆ ನನ್ನ ಟೇಬಲ್ಲು ನಡುಗುತ್ತದೆ,
ಬರೆದ ಅಂಕಿಗಳೂ.
ಮೂವತ್ತು ವರ್ಷ ಸೊಸಾಯಿಟಿಯಲ್ಲಿ ಪಾವತಿ ಬರೆದೆ,
ಈಗ ಇಲ್ಲಿ, ಮರೆತವರ ಲೆಕ್ಕಕ್ಕೆ.

ಬುಧವಾರ ಚಂದಾ ಎತ್ತಲು ಹೊರಡುತ್ತೇನೆ.
ಉಳ್ಳಾಗಡ್ಡಿ ದಲಾಲರು ಪುಸ್ತಕ ತಿರುವುತ್ತಾರೆ:
"ಗುಡಿಗೆ ಕೊಟ್ಟೀನಿ, ಗೋಶಾಲೆಗೆ ಕೊಟ್ಟೀನಿ.
ಅರವತ್ತಕ್ಕ ಅರಳುಮರಳು ಅಂತ ಗಾದೀನ ಐತಿ.
ಅದಕ್ಯಾಕ ಸಂಶೋಧನಾ, ಅಕ್ಕಾರ?"
ಗಾದೆ ನನಗೂ ಗೊತ್ತು. ನನಗೂ ಅರವತ್ತೊಂದು.
ಗಾದೆ ಪುಕ್ಕಟೆ ಸಿಗುತ್ತದೆ,
ರಕ್ತದ ಶೀಶೆಯನ್ನು ಐಸಿನಲ್ಲಿಟ್ಟು
ಹುಬ್ಬಳ್ಳಿಗೆ ಮುಟ್ಟಿಸುವುದು ಪುಕ್ಕಟೆ ಅಲ್ಲ
ಎನ್ನಬೇಕೆನಿಸುತ್ತದೆ. ಅನ್ನುವುದಿಲ್ಲ. ಚಾ ಕುಡಿಯುತ್ತೇನೆ.
"ನಾಳಿ ಬರ್ರಿ, ಪಾಕೀಟ ಮರ್ತು ಬಂದೀನಿ"
ಎಂದವನೊಬ್ಬ ತನ್ನ ಮಾತಿಗೆ ತಾನೇ ಬೆಚ್ಚಿ
ಪಕ್ಕದ ಅಂಗಡಿಯಿಂದ ಕೈಗಡ ತಂದು ಕೊಟ್ಟದ್ದೂ ಉಂಟು.

ಖಾನಾವಳಿಯ ಗಲ್ಲೆಯ ಪಕ್ಕ ನಮ್ಮ ಡಬ್ಬಿ.
ತಿಂಗಳಿಗೊಮ್ಮೆ ಬೀಗ ತೆಗೆಯುತ್ತೇನೆ.
ಈ ಸಲ ಚಿಲ್ಲರೆ ನಾಕುನೂರಾ ಹನ್ನೆರಡು,
ಒಂದು ಅಂಗಿಗುಂಡಿ,
ಎಣ್ಣೆ ಮೆತ್ತಿದ ಚೀಟಿ:
'ನಮ್ಮಪ್ಪ ರಾತ್ರಿ ಚಿಲಕಾ ತಗದು ಹೊಕ್ಕಾನ.
ಏನ ಮಾಡಬೇಕು?'
ಹೆಸರಿಲ್ಲ. ನಂಬರಿಲ್ಲ.

ಗುರುವಾರ ಪ್ಯಾಸೆಂಜರಿಗೆ ಬರುತ್ತಾರೆ
ಹುಬ್ಬಳ್ಳಿಯಿಂದ ಡಾಕ್ಟರ್ ನಿಖತ್.
ಮೊದಮೊದಲು ಅವರ ಕೈಯಲ್ಲೊಂದು ಹಾಳೆ ಇರುತ್ತಿತ್ತು,
ಎಲ್ಲಿಯೋ ಯಾರಿಗೋ ಮಾಡಿದ್ದು:
ಗಡಿಯಾರದ ಚಿತ್ರ ಬರೆಯಿರಿ.
ನೂರರಿಂದ ಏಳೇಳು ಕಳೆಯುತ್ತ ಹೋಗಿರಿ.
ಬನಶಂಕರೆವ್ವ, ಎಪ್ಪತ್ತಾರು, ನೇಕಾರಗಿತ್ತಿ,
ಪೆನ್ನನ್ನು ಊದಿನಕಡ್ಡಿಯ ಹಾಗೆ ಹಿಡಿದು ಕುಂತಳು.
"ಯವ್ವಾ, ನಾ ಸಾಲಿಗೆ ಹೋದಾಕಿ ಅಲ್ಲ."
ಹಾಳೆಯ ಪ್ರಕಾರ ಸೊನ್ನೆ.
ಹಾಳೆಯ ಪ್ರಕಾರ ಅವಳು
ತೊಟ್ಟಿಲಲ್ಲೇ ಮರೆತವಳು.

ನಿಖತ್ ಅದನ್ನು ಮಡಚಿಟ್ಟರು.
ನಾನು ಎತ್ತಿದ ಚಂದಾ ಹೋದದ್ದು ಅಲ್ಲಿಗೆ,
ನಮ್ಮ ಮಂದಿಗೆ ನಮ್ಮ ಪ್ರಶ್ನೆ ಹುಡುಕಲು.
ಎರಡು ವರ್ಷ. ಮುನ್ನೂರಾ ಹತ್ತು ಮನೆ.
ಪಂಚಮಿ ಮುಂಚೆಯೋ ಶೀಗಿ ಹುಣ್ಣಿಮೆ ಮುಂಚೆಯೋ?
ಐವತ್ತರ ನೋಟು ಕೊಟ್ಟು ಹದಿನೆಂಟರ ಎಲೆ-ಅಡಿಕೆ ಕೊಂಡರೆ
ಕೈಗೆ ಬರುವುದೆಷ್ಟು?
ಹಾಸು ಯಾವುದು, ಹೊಕ್ಕು ಯಾವುದು?
ಯಾವ ಪ್ರಶ್ನೆಗೆ ಎಲ್ಲರೂ ತಪ್ಪುತ್ತಾರೆ,
ಯಾವುದಕ್ಕೆ ಮರೆತವರು ಮಾತ್ರ ಎಂದು
ಹುಡುಗಿಯರು ಓಣಿ ಓಣಿ ತಿರುಗಿ ಬರೆದುಕೊಂಡರು,
ಅವರ ಬಸ್ಸಿನ ಚೀಟಿಗಳೆಲ್ಲ ನನ್ನ ಫೈಲಿನಲ್ಲಿವೆ.

ಮೊನ್ನೆ ಬನಶಂಕರೆವ್ವ ಮತ್ತೆ ಬಂದಳು.
ಈ ಸಲ ಕೈಗೆ ನೂಲಿನ ಲಡಿ ಕೊಟ್ಟರು.
ಬೆರಳು ತಾವೇ ಎದ್ದು ಹೊರಟವು,
ನಾಕು, ಎಂಟು, ಹನ್ನೆರಡು,
ತುಟಿ ಹಿಂದೆ, ಬೆರಳು ಮುಂದೆ.
ನಲವತ್ತಕ್ಕೆ ನಿಂತಳು.
ಎಳೆ ನೋಡಿದಳು. ನಮ್ಮನ್ನು ನೋಡಿದಳು.
ಮತ್ತೆ ನಾಕು, ಎಂಟು.
ಮತ್ತೆ ನಲವತ್ತಕ್ಕೇ.
ನಿಖತ್ ಅಲ್ಲೊಂದು ಗುರುತು ಹಾಕಿದರು.
ಮರೆವು ಅಲ್ಲಿಂದ ಶುರು,
ಸಾಲಿಗೆ ಹೋಗದ ದಿನದಿಂದಲ್ಲ.
"ನಮ್ಮತ್ತಿ ಎಲ್ಲಾ ಕಳಕೊಂಡಾಳ" ಎಂದು
ವರ್ಷದಿಂದ ಅಳುತ್ತಿದ್ದ ಸೊಸೆ ಸುವರ್ಣಾ
ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು:
"ನಲವತ್ತರ ಮಟಾ ಅದಾಳಲ್ಲ, ಬಿಡ್ರಿ."

"ಔಷಧ ಸಿಕ್ತೇನ್ರಿ?" ಎಂದರು ದಲಾಲರು ಈ ಬುಧವಾರ.
ಇಲ್ಲ ಎಂದೆ. ಸುಳ್ಳು ಹೇಳಿ ಎತ್ತುವ ಚಂದಾ ಅಲ್ಲ ಇದು.
ಸುಮ್ಮನಿದ್ದರು. ಆಮೇಲೆ
ತಮ್ಮಣ್ಣನನ್ನು ಗುರುವಾರ ಕರೆತರಬಹುದೋ ಎಂದು
ಗಿರಾಕಿಗೆ ಕೇಳಿಸದ ಹಾಗೆ ಕೇಳಿದರು.

ರಾತ್ರಿ ದೀಪ ಆರಿಸಿ ನಾನೂ ಕಳೆಯುತ್ತೇನೆ.
ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು,
ಎಪ್ಪತ್ತೆರಡು...
ಅಲ್ಲಿ ತಡವರಿಸಿದರೆ
ನಿದ್ದೆ ಬಂತು ಎಂದುಕೊಳ್ಳುತ್ತೇನೆ.

ಡಬ್ಬಿಯ ಮೇಲೆ ಕಾಗದ ಅಂಟಿಸಿ ಬಂದಿದ್ದೇನೆ:
'ಬಾಗಿಲಿಗೆ ಗೆಜ್ಜೆ ಕಟ್ಟಿರಿ. ಒಳಜೇಬಿಗೆ ವಿಳಾಸ ಹೊಲಿಯಿರಿ.
ಬೈಬ್ಯಾಡ್ರಿ. ಗುರುವಾರ ಬರ್ರಿ.'
ಆ ಗುಂಡಿ ಅವರ ಅಪ್ಪನದೇ ಇರಬಹುದು,
ಎಂಟಾಣೆ ಎಂದು ತಿಳಿದು ಹಾಕಿದ್ದು.
ಪಾವತಿ ಹರಿದೆ. ನಂಬರು ಸಾವಿರದಾ ನೂರಾ ಎಂಬತ್ತೇಳು.
ಕೊಟ್ಟವರು: ಗೊತ್ತಿಲ್ಲ.
ಗುಂಡಿ ಒಂದು, ಬಿಳೇದು, ನಾಕು ತೂತಿನದು.
ಮುಟ್ಟಿತು.